ಪಂಚಾಯಿತಿಯಲ್ಲಿ ಅರ್ಧ, ಸಂಸತ್ತಿನಲ್ಲಿ ಏಳರಲ್ಲೊಂದು: ನಡುವಿನ ಮೆಟ್ಟಿಲು ಎಲ್ಲಿದೆ?

ಪ್ರಶ್ನೆ: ಪಂಚಾಯಿತಿ ಸದಸ್ಯೆ, ಜಗಳೂರು ತಾಲ್ಲೂಕು (ಜುಲೈ 2025)

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. 2015ರಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಮೊದಲ ಸಲ ಗೆದ್ದೆ. 2020ರ ಡಿಸೆಂಬರ್‌ನಲ್ಲಿ ಮತ್ತೆ ಗೆದ್ದು, ಮೊದಲ 30 ತಿಂಗಳು ಅಧ್ಯಕ್ಷೆಯಾಗಿಯೂ ಕೆಲಸ ಮಾಡಿದೆ. ಮೊದಲ ಅವಧಿಯ ಆರಂಭದಲ್ಲಿ ಸಭೆಗೆ ನಮ್ಮ ಯಜಮಾನರೂ ನನ್ನ ಜೊತೆ ಬರುತ್ತಿದ್ದರು. ಕಡತವನ್ನು ಅವರ ಮುಂದೆಯೇ ಇಡುತ್ತಿದ್ದರು, ಸಹಿ ಮಾತ್ರ ನನ್ನದಾಗಿತ್ತು. ಒಂದು ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿ, ಟ್ಯಾಂಕರ್ ನೀರು ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ಹೋಗಬೇಕು ಎಂಬ ಚರ್ಚೆ ಬಂದಾಗ, ಕೊಡ ಹಿಡಿದು ಸಾಲಿನಲ್ಲಿ ನಿಂತವಳು ನಾನಾದ್ದರಿಂದ ಉತ್ತರವೂ ನನ್ನಲ್ಲೇ ಇತ್ತು. ಮುಂದಿನ ಸಭೆಯಿಂದ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತರು, ನಾನು ಒಳಗೆ ಕುಳಿತೆ. ಈ ಹತ್ತು ವರ್ಷಗಳಲ್ಲಿ ಕ್ರಿಯಾಯೋಜನೆ ಮಾಡುವುದು, ನರೇಗಾ ಕೂಲಿ ತಡವಾದಾಗ ಯಾರಿಗೆ ಬರೆಯಬೇಕು, ಗ್ರಾಮಸಭೆಯಲ್ಲಿ ಸಿಟ್ಟಾದ ಜನರಿಗೆ ಹೇಗೆ ಉತ್ತರ ಕೊಡಬೇಕು ಎಂಬುದನ್ನೆಲ್ಲ ಕೆಲಸ ಮಾಡುತ್ತಲೇ ಕಲಿತಿದ್ದೇನೆ.

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕ್ಷೇತ್ರದಲ್ಲಿ ಎರಡೂ ಪ್ರಮುಖ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದ್ದವು. ಡಾ. ಪ್ರಭಾ ಮಲ್ಲಿಕಾರ್ಜುನ್ ಅವರು ಗಾಯತ್ರಿ ಸಿದ್ದೇಶ್ವರ ಅವರನ್ನು 26,094 ಮತಗಳಿಂದ ಸೋಲಿಸಿದರು. ಯಾರು ಗೆದ್ದರೂ ನಮ್ಮ ಕ್ಷೇತ್ರದಿಂದ ಒಬ್ಬ ಹೆಣ್ಣುಮಗಳು ದೆಹಲಿಗೆ ಹೋಗುತ್ತಾಳೆ ಎಂಬ ಸಂತೋಷ ಮತಗಟ್ಟೆಯ ಸಾಲಿನಲ್ಲಿದ್ದ ನಮಗೆಲ್ಲ ಇತ್ತು. ಆದರೆ ಒಬ್ಬರು ರಾಜ್ಯದ ಸಚಿವರ ಪತ್ನಿ, ಇನ್ನೊಬ್ಬರು 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಸಂಸದರ ಪತ್ನಿ. ಅವರಿಬ್ಬರ ಅರ್ಹತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಇದೇ ಕ್ಷೇತ್ರದ ಪಂಚಾಯಿತಿಗಳಲ್ಲಿ ಹತ್ತು, ಹದಿನೈದು ವರ್ಷ ದುಡಿದ ಹೆಣ್ಣುಮಕ್ಕಳು ಇದ್ದಾರೆ. ಅವರಲ್ಲಿ ಒಬ್ಬರ ಹೆಸರನ್ನಾದರೂ ಯಾವ ಪಕ್ಷವಾದರೂ ಒಂದು ಸಲ ಪಟ್ಟಿಯಲ್ಲಿ ಬರೆದು ನೋಡಿದೆಯೇ ಎಂಬುದು ನನ್ನ ಕೊರಗು.

ನಮ್ಮ ರಾಜ್ಯದಲ್ಲಿ ಪಂಚಾಯಿತಿ ಸದಸ್ಯ ಸ್ಥಾನಗಳ ಅರ್ಧ ಹೆಣ್ಣುಮಕ್ಕಳಿಗೆ ಮೀಸಲಾಗಿದೆ. ಲೋಕಸಭೆಯ 543 ಸದಸ್ಯರಲ್ಲಿ 2024ರಲ್ಲಿ ಗೆದ್ದ ಮಹಿಳೆಯರು 74. ಕರ್ನಾಟಕದ 28ರಲ್ಲಿ ಮೂವರು. 2023ರಲ್ಲಿ ವಿಧಾನಸಭೆಯ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು ಹತ್ತು ಮಾತ್ರ. ದೆಹಲಿಯಲ್ಲಿ ಏನಾಗುತ್ತದೆ ಎಂಬುದು ನಮಗೆ ದೂರದ ಮಾತಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ 2023ರ ಫೆಬ್ರವರಿಯಲ್ಲಿ ಘೋಷಣೆಯಾದದ್ದು ಅದೇ ಸಂಸತ್ತಿನಲ್ಲಿ. ಆ ನೀರು ಬರುವ ತನಕ ಕೊಡ ಹೊರುವವರು ನಮ್ಮ ಕಡೆಯ ಹೆಂಗಸರೇ. ಮಹಿಳಾ ಮೀಸಲಾತಿ ಕಾಯ್ದೆ ಆಗಿದೆ ಎನ್ನುತ್ತಾರೆ. ಅದು ಯಾವಾಗ ಬರುತ್ತದೆ, ಬಂದಾಗ ಆ ಸ್ಥಾನಗಳಲ್ಲಿ ಯಾರು ಕೂರುತ್ತಾರೆ, ನನ್ನಂಥವಳು ಅಲ್ಲಿಯವರೆಗೆ ಹತ್ತುವ ಮೆಟ್ಟಿಲು ಯಾವುದು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ವಕೀಲ, ದಾವಣಗೆರೆ

ಮೇಡಂ, ಕಾಯ್ದೆಯ ಮಟ್ಟಿಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ನೀವು ಹೇಳುತ್ತಿರುವುದು ಸಂವಿಧಾನದ 106ನೇ ತಿದ್ದುಪಡಿ. 2023ರ ಸೆಪ್ಟೆಂಬರ್ 20ರಂದು ಲೋಕಸಭೆ ಇದನ್ನು ಎರಡೇ ವಿರೋಧ ಮತಗಳ ನಡುವೆ 454 ಮತಗಳಿಂದ ಅಂಗೀಕರಿಸಿತು; ಮರುದಿನ ರಾಜ್ಯಸಭೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಲೋಕಸಭೆ, ರಾಜ್ಯ ವಿಧಾನಸಭೆಗಳು ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾಗುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಸ್ಥಾನಗಳೊಳಗೂ ಮೂರನೇ ಒಂದು ಭಾಗ ಆಯಾ ಸಮುದಾಯದ ಮಹಿಳೆಯರಿಗೆ ಸಿಗುತ್ತದೆ. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಇದು ಅನ್ವಯಿಸುವುದಿಲ್ಲ. ಹಿಂದುಳಿದ ವರ್ಗಗಳ ಮಹಿಳೆಯರಿಗೆ ಒಳಮೀಸಲಾತಿ ಇಲ್ಲ. ನಮ್ಮ ಪಂಚಾಯಿತಿಗಳಲ್ಲಿ ಅದು ಇರುವುದರಿಂದ ಈ ವ್ಯತ್ಯಾಸ ನಿಮಗೆ ಥಟ್ಟನೆ ಕಾಣುತ್ತದೆ.

ಆದರೆ ಕಾಯ್ದೆ ಕೂಡಲೇ ಫಲ ಕೊಡುವಂಥದ್ದಲ್ಲ. ಅದರಲ್ಲಿ ಸೇರಿಸಲಾದ 334ಎ ವಿಧಿಯ ಪ್ರಕಾರ, ಕಾಯ್ದೆ ಜಾರಿಯಾದ ನಂತರದ ಮೊದಲ ಜನಗಣತಿಯ ಅಂಕಿಅಂಶಗಳು ಪ್ರಕಟವಾಗಬೇಕು, ಅವುಗಳ ಆಧಾರದ ಮೇಲೆ ಕ್ಷೇತ್ರ ಪುನರ್ವಿಂಗಡಣೆ (ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳನ್ನು ಹೊಸದಾಗಿ ನಿಗದಿಪಡಿಸುವುದು) ನಡೆಯಬೇಕು, ಆಮೇಲೆ ಮೀಸಲಾತಿ ಆರಂಭವಾಗಬೇಕು. ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಕಳೆದ ತಿಂಗಳಷ್ಟೇ ಅಧಿಸೂಚನೆ ಬಂದಿದೆ. ಇನ್ನು ಪುನರ್ವಿಂಗಡಣೆ ಎಂದ ಕೂಡಲೇ, ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳ ಪಾಲು ಕುಗ್ಗೀತು ಎಂಬ ದೊಡ್ಡ ವಿವಾದ ಎದ್ದು ನಿಲ್ಲುತ್ತದೆ. ಆ ಆತಂಕ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಹೆಣ್ಣುಮಕ್ಕಳ ಹಕ್ಕನ್ನು ಅದೇ ಗಂಟಿನಲ್ಲಿ ಕಟ್ಟಿಡುವ ಅಗತ್ಯವಿರಲಿಲ್ಲ. ಈಗಿರುವ 543 ಕ್ಷೇತ್ರಗಳಲ್ಲೇ 181ನ್ನು ಗುರುತಿಸಿ 2024ರಲ್ಲೇ ಆರಂಭಿಸಬಹುದಿತ್ತು.

ಇದು ನಿನ್ನೆ ಮೊನ್ನೆಯ ಬೇಡಿಕೆಯೂ ಅಲ್ಲ. ಮೊದಲ ಮಸೂದೆಯನ್ನು 1996ರ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ ಮಂಡಿಸಿದ್ದು ಎಚ್.ಡಿ. ದೇವೇಗೌಡರ ಸರ್ಕಾರ. ಗೀತಾ ಮುಖರ್ಜಿ ಅವರ ನೇತೃತ್ವದ ಜಂಟಿ ಸಮಿತಿ ಅದನ್ನು ಪರಿಶೀಲಿಸಿ ವರದಿ ಕೊಟ್ಟಿತು. ಸದನ ವಿಸರ್ಜನೆಯಾದಂತೆಲ್ಲ ಮಸೂದೆಯೂ ಬಿದ್ದುಹೋಯಿತು. 2010ರ ಮಾರ್ಚ್ 9ರಂದು ರಾಜ್ಯಸಭೆ 186 ಮತಗಳಿಂದ ಒಪ್ಪಿದರೂ ಲೋಕಸಭೆಯಲ್ಲಿ ಅದು ಮತಕ್ಕೇ ಬರಲಿಲ್ಲ. ಆ ಮೊದಲ ಮಸೂದೆಯ ವರ್ಷ ಹುಟ್ಟಿದ ಹೆಣ್ಣುಮಗುವಿಗೆ ಈಗ 29 ತುಂಬುತ್ತಿದೆ.

ಒಂದು ಅಂಶವನ್ನು ನೀವು ವಿಶೇಷವಾಗಿ ಗಮನಿಸಿ. ನಮ್ಮ ಪಂಚಾಯಿತಿಗಳಲ್ಲಿ ಮೀಸಲು ಬದಲಾಗುತ್ತ ಹೋಗುತ್ತದೆ, ದುಡಿದು ಹೆಸರು ಗಳಿಸಿದ ಸದಸ್ಯೆ ಮುಂದಿನ ಸಲ ಅದೇ ಸ್ಥಾನ ಕಳೆದುಕೊಳ್ಳುತ್ತಾಳೆ. ಹೊಸ ಕಾಯ್ದೆಯಲ್ಲಿ ಈ ಬದಲಾವಣೆ ಪ್ರತಿ ಚುನಾವಣೆಗೆ ಅಲ್ಲ, ಪ್ರತಿ ಪುನರ್ವಿಂಗಡಣೆಯ ನಂತರ. ಹಾಗಾಗಿ ಒಮ್ಮೆ ಗೆದ್ದ ಮಹಿಳೆಗೆ ಕ್ಷೇತ್ರದಲ್ಲಿ ಬೇರೂರಲು ಅವಕಾಶ ಸಿಗುತ್ತದೆ. ಮೀಸಲಾತಿ ಆರಂಭದಿಂದ 15 ವರ್ಷ ಮಾತ್ರ ಎಂಬ ಮಿತಿಯಿದ್ದರೂ ಸಂಸತ್ತು ಅದನ್ನು ವಿಸ್ತರಿಸಬಹುದು.

ಉತ್ತರ 2: ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಅಮ್ಮಾ, ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ನನಗೆ ಮುಖ್ಯವೆನಿಸುತ್ತದೆ. ವಕೀಲರು ಮೇಲಿನ ಮಹಡಿಯ ಬಗ್ಗೆ ಹೇಳಿದರು; ನಾನು ನೀವು ಕೇಳಿದ ಮೆಟ್ಟಿಲಿನ ಬಗ್ಗೆ ಹೇಳುತ್ತೇನೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಊರಿನಲ್ಲಿ ಯಾರು ಯಾವ ಪಕ್ಷದ ಕಡೆಯವರು ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಕಾಗದದ ಮೇಲೆ ನೀವು ಯಾವ ಪಕ್ಷದವರೂ ಅಲ್ಲ. ಹೀಗಾಗಿ ನಿಮ್ಮ ಹತ್ತು ವರ್ಷದ ದುಡಿಮೆ ಯಾವ ಪಕ್ಷದ ಪುಸ್ತಕದಲ್ಲೂ ಜಮೆಯಾಗಿಲ್ಲ. ಒಬ್ಬ ಸಾಮಾನ್ಯ ಮಹಿಳೆಯ ಕೈಗೆ ಮೊದಲ ಬಾರಿ ಪಕ್ಷದ ಬಿ ಫಾರಂ (ಅಧಿಕೃತ ಅಭ್ಯರ್ಥಿಯೆಂದು ಪಕ್ಷ ಕೊಡುವ ಪತ್ರ) ಬರುವುದು ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ. ಅಲ್ಲಿಯೂ ಅರ್ಧ ಸ್ಥಾನ ಮಹಿಳೆಯರದ್ದೇ ಆದ್ದರಿಂದ, ಪಕ್ಷದ ತಾಲ್ಲೂಕು ಮುಖಂಡರು ಬೇಕೋ ಬೇಡವೋ ಮಹಿಳೆಯರನ್ನು ಹುಡುಕಿಕೊಂಡು ಊರೂರಿಗೆ ಬರಲೇಬೇಕು. ಜಿಲ್ಲಾ ಪಂಚಾಯಿತಿ ಸದಸ್ಯೆಯಾದವಳು ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಸಚಿವರ ಎದುರು ಕುಳಿತು ಅಧಿಕಾರಿಯನ್ನು ಪ್ರಶ್ನಿಸುತ್ತಾಳೆ, ಹತ್ತಾರು ಹಳ್ಳಿಗಳಲ್ಲಿ ಅವಳ ಹೆಸರು ಓಡಾಡುತ್ತದೆ, ವಿಧಾನಸಭೆಯ ಟಿಕೆಟ್ ಕೇಳುವ ಧೈರ್ಯವೂ ಬರುತ್ತದೆ. ಆ ಚುನಾವಣೆ ಕೊನೆಯದಾಗಿ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ನಾಲ್ಕು ವರ್ಷ ಕಳೆದು ಇಂದಿಗೂ ಚುನಾವಣೆ ನಡೆದಿಲ್ಲ. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಈ ಅವಧಿಯಲ್ಲಿ ಬಂದಿವೆ. ನೀವು ಹುಡುಕುತ್ತಿರುವ ಮೆಟ್ಟಿಲು ಇದೇ ಅಮ್ಮಾ. ಅದನ್ನು ಕಿತ್ತಿಟ್ಟಿದ್ದಾರೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಈ ದಾರಿಯನ್ನು ದೇಶಕ್ಕಿಂತ ಮೊದಲು ಕಡಿದುಕೊಟ್ಟ ರಾಜ್ಯಗಳಲ್ಲಿ ನಮ್ಮದೂ ಒಂದು. ದೇಶದ ಎಲ್ಲ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬರುವ ಎಷ್ಟೋ ಮುಂಚೆ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗಲೇ ಇಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿತ್ತು. 2010ರಲ್ಲಿ ಅದು ಅರ್ಧಕ್ಕೆ ಏರಿತು.

ಮತದಾರರು ಮಹಿಳೆಯನ್ನು ಒಪ್ಪುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರಲ್ಲೂ 2024ರಲ್ಲೂ ಲೋಕಸಭೆಗೆ ಮತ ಹಾಕಿದ ಮಹಿಳೆಯರ ಶೇಕಡಾವಾರು ಪ್ರಮಾಣ ಪುರುಷರಿಗಿಂತ ತುಸು ಹೆಚ್ಚೇ ಇತ್ತು. 2024ರಲ್ಲಿ ದೇಶದಲ್ಲಿ ಕಣದಲ್ಲಿದ್ದ ಎಂಟು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳಲ್ಲಿ ಮಹಿಳೆಯರು ಶೇ 10ರಷ್ಟೂ ಇರಲಿಲ್ಲ, ಆದರೆ ಗೆದ್ದವರಲ್ಲಿ ಅವರ ಪಾಲು ಶೇ 13.6. ಬಾಗಿಲು ಹಾಕಿರುವುದು ಮತಗಟ್ಟೆಯಲ್ಲಲ್ಲ, ಟಿಕೆಟ್ ಹಂಚುವ ಕೋಣೆಯಲ್ಲಿ. ಪಕ್ಷ ಮನಸ್ಸು ಮಾಡಿದರೆ ಕಾಯ್ದೆಗೆ ಕಾಯಬೇಕಾಗಿಲ್ಲ: 2019ರಲ್ಲಿ ಒಡಿಶಾದ ಬಿಜು ಜನತಾ ದಳ ತನ್ನ 21 ಟಿಕೆಟ್‌ಗಳಲ್ಲಿ ಏಳನ್ನು ಮಹಿಳೆಯರಿಗೆ ಕೊಟ್ಟಿತು, ಐವರು ಗೆದ್ದರು. ಪಶ್ಚಿಮ ಬಂಗಾಳದಲ್ಲಿ ತೃಣಮೂಲ ಕಾಂಗ್ರೆಸ್ 42ರಲ್ಲಿ 17 ಮಹಿಳೆಯರನ್ನು ನಿಲ್ಲಿಸಿತು, ಒಂಬತ್ತು ಮಂದಿ ಸಂಸತ್ತಿಗೆ ಹೋದರು. ಹೊರದೇಶಗಳ ಅನುಭವವೂ ಬಹುಪಾಲು ಇದೇ. ಸ್ವೀಡನ್ನಿನಲ್ಲಿ ಸಂಸತ್ತಿನ ಮೀಸಲಾತಿಗೆ ಕಾನೂನೇ ಇಲ್ಲ. ಪ್ರಮುಖ ಪಕ್ಷಗಳು ತಮ್ಮ ಪಟ್ಟಿಯಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಎಂದು ಹೆಣೆದು ಬರೆಯುವ ರೂಢಿಯಿಂದಲೇ ಅಲ್ಲಿ ಅರ್ಧದ ಸಮೀಪಕ್ಕೆ ಬಂದಿದ್ದಾರೆ. ನಮ್ಮಂತೆಯೇ ಒಂದು ಕ್ಷೇತ್ರಕ್ಕೆ ಒಬ್ಬ ಸದಸ್ಯ ಎಂಬ ಪದ್ಧತಿಯಿರುವ ಬ್ರಿಟನ್ನಿನಲ್ಲಿ ಲೇಬರ್ ಪಕ್ಷವು 1997ರ ಚುನಾವಣೆಗೆ ಕೆಲವು ಕ್ಷೇತ್ರಗಳ ಆಯ್ಕೆ ಪಟ್ಟಿಯಲ್ಲಿ ಮಹಿಳೆಯರನ್ನು ಮಾತ್ರ ಇಟ್ಟಿತು. 2024ರಲ್ಲಿ ಅಲ್ಲಿನ 650 ಸದಸ್ಯರಲ್ಲಿ 263 ಮಹಿಳೆಯರು ಆಯ್ಕೆಯಾದರು. ರುವಾಂಡಾ ಇನ್ನೊಂದು ದಾರಿ ಹಿಡಿಯಿತು, 2003ರ ಸಂವಿಧಾನದಲ್ಲೇ ಕನಿಷ್ಠ ಶೇ 30 ಎಂದು ಬರೆಯಿತು. 2008ರಿಂದ ಅಲ್ಲಿನ ಕೆಳಮನೆಯಲ್ಲಿ ಮಹಿಳೆಯರದ್ದೇ ಬಹುಮತ.

ಇನ್ನು ಕುಟುಂಬದ ಪ್ರಶ್ನೆ. ನಮ್ಮ ರಾಜ್ಯದಿಂದ 2024ರಲ್ಲಿ ಗೆದ್ದ ಮೂವರಲ್ಲಿ ಇಬ್ಬರು ಸಚಿವರ ಮನೆಯವರು. ಮೂರನೆಯವರಾದ ಶೋಭಾ ಕರಂದ್ಲಾಜೆ ಅವರು ಪಕ್ಷದ ಕಾರ್ಯಕರ್ತೆಯಾಗಿ ಬೆಳೆದವರು. ಆ ಪಕ್ಷದ ವಿಚಾರವನ್ನು ಒಪ್ಪದವರೂ ಅವರು ನಡೆದ ದಾರಿಯನ್ನು ಗಮನಿಸಬೇಕು. ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಹರಪನಹಳ್ಳಿಯಲ್ಲಿ 2023ರಲ್ಲಿ ಲತಾ ಮಲ್ಲಿಕಾರ್ಜುನ್ ಅವರು ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಗೆದ್ದದ್ದು ನನಗೆ ಸಂತೋಷ ತಂದ ಸಂಗತಿ, ಅವರಿಗೂ ಮಾಜಿ ಉಪ ಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳೆಂಬ ಪರಿಚಯ ಮೊದಲೇ ಇತ್ತು ಎಂಬುದೂ ನಿಜ. ಮನೆತನದ ರಾಜಕಾರಣ ಗಂಡಸರಲ್ಲೂ ಅಷ್ಟೇ ಇದೆ, ಹೆಣ್ಣುಮಕ್ಕಳನ್ನು ಮಾತ್ರ ಹಾಗೆಂದು ಕರೆಯುವುದು ಅನ್ಯಾಯ. ಆದರೆ ಗಂಡಸಿಗೆ ಮನೆತನದ ಜೊತೆಗೆ ಸಹಕಾರ ಸಂಘ, ಎಪಿಎಂಸಿ, ಡಿಸಿಸಿ ಬ್ಯಾಂಕ್, ಯುವ ಘಟಕ ಎಂದು ಬೇರೆ ನಾಲ್ಕು ದಾರಿಗಳಿವೆ. ಹೆಣ್ಣಿಗೆ ಇದ್ದ ಒಂದು ದಾರಿಯನ್ನೂ ಮುಚ್ಚಿದಾಗ ಮನೆತನವೊಂದೇ ಉಳಿಯುತ್ತದೆ.

ಮೀಸಲಾತಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಹೇಳಲು ಎರಡು ಅಧ್ಯಯನಗಳಿವೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಕುರಿತು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೀಸಲಾತಿಯಿಂದ ಮಹಿಳೆ ಮುಖ್ಯಸ್ಥೆಯಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ನಿಮ್ಮ ಟ್ಯಾಂಕರ್ ಅನುಭವ ಓದಿದಾಗ ಇದೇ ನೆನಪಾಯಿತು. ಮುಂಬೈ ನಗರಪಾಲಿಕೆಯ ಬಗ್ಗೆ ರಿಖಿಲ್ ಭಾವನಾನಿ ಅವರು ನಡೆಸಿದ ಅಧ್ಯಯನ ಇನ್ನೊಂದು. 1997ರಲ್ಲಿ ಮಹಿಳೆಯರಿಗೆ ಮೀಸಲಾಗಿದ್ದ ವಾರ್ಡುಗಳು 2002ರಲ್ಲಿ ಸಾಮಾನ್ಯವಾದಾಗಲೂ, ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಮೀಸಲಾಗದೇ ಇದ್ದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಒಮ್ಮೆ ಕುಳಿತ ಮಹಿಳೆಯನ್ನು ಜನ ನೋಡಿದ್ದರು, ಪಕ್ಷಗಳೂ ನೋಡಿದ್ದವು.

ಉತ್ತರ 3: ಹಿರಿಯೂರಿನವಳು

ಸರ್, ನಿಮ್ಮ ಮಾತಿನಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಮೆಟ್ಟಿಲು ಮರಳಿ ಬಂದರೂ ಹತ್ತಲು ಹಣ ಬೇಕು ಎಂಬುದನ್ನು ನೀವು ಬಿಟ್ಟಿದ್ದೀರಿ. ನಾನು ಎಂಟು ವರ್ಷ ಒಂದು ಪಕ್ಷದ ಮಹಿಳಾ ಘಟಕದಲ್ಲಿ ದುಡಿದಿದ್ದೇನೆ. ಸಮಾವೇಶಕ್ಕೆ ಬಸ್ಸು ತುಂಬಿಸುವುದು, ಪೂರ್ಣಕುಂಭ ಹಿಡಿಯುವುದು, ವೇದಿಕೆಯ ಹಿಂದೆ ಊಟದ ವ್ಯವಸ್ಥೆ ನೋಡುವುದು, ಇವೇ ನಮ್ಮ ಪಾಲಿನ ಕೆಲಸಗಳಾಗಿದ್ದವು. ಒಮ್ಮೆ ಟಿಕೆಟ್ ವಿಷಯ ಎತ್ತಿದಾಗ, ಮುಖಂಡರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಹಾಕ್ತೀಯಮ್ಮ?’ ಎಂಬುದಾಗಿತ್ತು. ಲೋಕಸಭೆಗೆ ಅಭ್ಯರ್ಥಿಯ ವೆಚ್ಚದ ಮಿತಿಯೇ 95 ಲಕ್ಷ ರೂಪಾಯಿ. ಕೂಲಿಯ ಮನೆಯಿಂದ ಬಂದ ನಮಗೆ ಆ ಅಂಕಿಯನ್ನು ಬರೆಯುವುದೂ ಕಷ್ಟ.

ಚಿತ್ರದುರ್ಗ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಚುನಾವಣೆಗಳಲ್ಲಿ ನಾಲ್ವರು ಬೇರೆ ಬೇರೆ ಸಂಸದರು ಗೆದ್ದಿದ್ದಾರೆ, ನಾಲ್ವರೂ ಪುರುಷರು. ನಮ್ಮ ಸಮುದಾಯದ ಒಬ್ಬ ಮಹಿಳೆಯನ್ನು ಯಾವ ದೊಡ್ಡ ಪಕ್ಷವಾದರೂ ಇಲ್ಲಿಂದ ಕಳುಹಿಸುವ ದಿನ ಬರಲಿ ಎಂಬುದು ನನ್ನ ಆಸೆ. ಹೊಸ ಕಾಯ್ದೆಯಲ್ಲಿ ಮೀಸಲಿನೊಳಗಿನ ಮೀಸಲು ಇದೆಯೆಂದು ವಕೀಲರು ಬರೆದದ್ದನ್ನು ಓದಿ ಧೈರ್ಯವಾಯಿತು. ಒನಕೆ ಓಬವ್ವನ ಊರಿನವರು ಎಂದು ಭಾಷಣದಲ್ಲಿ ನಮ್ಮನ್ನು ಹೊಗಳುವವರು, ಟಿಕೆಟ್ ಹಂಚುವ ದಿನವೂ ಆ ಹೆಸರನ್ನು ನೆನೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಸರ್, ಅಕ್ಕಾ, ಎಲ್ಲರಿಗೂ ಕೃತಜ್ಞತೆಗಳು. ನಮ್ಮ ದುಡಿಮೆ ಪಕ್ಷದ ಪುಸ್ತಕದಲ್ಲಿ ಜಮೆಯಾಗಿಲ್ಲ ಎಂಬ ಮಾತು ನನಗೆ ನಾಟಿತು; ಇಷ್ಟು ದಿನ ಕೊರತೆ ನನ್ನಲ್ಲೇ ಇದೆಯೆಂದು ತಿಳಿದಿದ್ದೆ. ನಮ್ಮ ತಾಲ್ಲೂಕಿನ ಬೇರೆ ಬೇರೆ ಪಂಚಾಯಿತಿಗಳ ನಾಲ್ವರು ಸದಸ್ಯೆಯರು ನಿನ್ನೆ ಸಂಜೆ ಫೋನಿನಲ್ಲಿ ಮಾತನಾಡಿಕೊಂಡೆವು. ಜಿಲ್ಲಾ ಪಂಚಾಯಿತಿ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ನಮ್ಮ ಅವಧಿಯಲ್ಲಿ ಆದ ಕೆಲಸಗಳ ಪಟ್ಟಿ ಮತ್ತು ಗ್ರಾಮಸಭೆಯ ನಡಾವಳಿಗಳ ಪ್ರತಿಯೊಂದಿಗೆ ಮೂರೂ ಪಕ್ಷಗಳ ತಾಲ್ಲೂಕು ಘಟಕಗಳಿಗೆ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕೆಂದು ನಿರ್ಧರಿಸಿದ್ದೇವೆ. ಯಾವ ಪಕ್ಷ ಮೊದಲು ಉತ್ತರ ಕೊಡುತ್ತದೆಯೋ ಅದರ ಜೊತೆ ಕುಳಿತು ಮಾತನಾಡುತ್ತೇವೆ. ವಕೀಲರಲ್ಲಿ ಒಂದು ಪ್ರಶ್ನೆ: ಟಿಕೆಟ್ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಲು ಕಾನೂನಿನಲ್ಲಿ ಅವಕಾಶವಿದೆಯೇ?

ಉತ್ತರ: ವಕೀಲ, ದಾವಣಗೆರೆ

ಇಲ್ಲ ಮೇಡಂ. ಯಾರಿಗೆ ಟಿಕೆಟ್ ಕೊಡಬೇಕು ಎಂಬುದು ಪಕ್ಷದ ಆಂತರಿಕ ವಿಷಯವೆಂದೇ ಕಾನೂನು ಇಂದಿಗೂ ಪರಿಗಣಿಸುತ್ತದೆ. ಆದರೆ ನಿಮ್ಮ ಅರ್ಜಿಯಲ್ಲಿ ಉಲ್ಲೇಖಿಸಬಹುದಾದ ಒಂದು ಆದೇಶವಿದೆ. ಕ್ರಿಮಿನಲ್ ಪ್ರಕರಣಗಳನ್ನು ಎದುರಿಸುತ್ತಿರುವ ಅಭ್ಯರ್ಥಿಯನ್ನು ಆರಿಸಿದರೆ, ಅವರನ್ನೇ ಏಕೆ ಆರಿಸಲಾಯಿತು, ಅಂಥ ಪ್ರಕರಣಗಳಿಲ್ಲದ ಬೇರೆಯವರನ್ನು ಏಕೆ ಆರಿಸಲಾಗಲಿಲ್ಲ ಎಂಬ ಕಾರಣವನ್ನು ಪಕ್ಷಗಳು ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿ 13ರಂದು ನಿರ್ದೇಶನ ನೀಡಿತು. ಬರೀ ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವಾಗಿ ಕೊಡುವಂತಿಲ್ಲ ಎಂದೂ ಅದರಲ್ಲಿ ಹೇಳಲಾಗಿದೆ. ಆ ನಿರ್ದೇಶನ ಲೋಕಸಭೆ, ವಿಧಾನಸಭೆ ಚುನಾವಣೆಗಳನ್ನು ಕುರಿತದ್ದು; ಜಿಲ್ಲಾ ಪಂಚಾಯಿತಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅಭ್ಯರ್ಥಿಯ ಆಯ್ಕೆಗೆ ಕಾರಣ ಕೇಳುವುದು ಅಸಂಬದ್ಧವಲ್ಲ ಎಂದು ಅತ್ಯುನ್ನತ ನ್ಯಾಯಾಲಯವೇ ಒಪ್ಪಿರುವುದನ್ನು ನೀವು ಎತ್ತಿ ತೋರಿಸಬಹುದು. ಅರ್ಜಿಯ ಕರಡನ್ನು ನಾನು ಸಿದ್ಧಪಡಿಸಿಕೊಡುತ್ತೇನೆ, ಶುಲ್ಕದ ಮಾತಿಲ್ಲ. ನಡಾವಳಿಗಳ ದೃಢೀಕೃತ ಪ್ರತಿಗಳನ್ನು ಪಂಚಾಯಿತಿಯ ಅವಧಿ ಮುಗಿಯುವ ಮುಂಚೆಯೇ ಪಡೆದಿಟ್ಟುಕೊಳ್ಳಿ. ಆಡಳಿತಾಧಿಕಾರಿ ಬಂದ ಮೇಲೆ ಅವುಗಳಿಗಾಗಿ ಅಲೆಯಬೇಕಾದೀತು.